ಪ್ರತಿಕ್ರಿಯೆ: ಹಳೆಯ ಡೀಸೆಲ್ ಪಿಕಪ್‌ಗೆ ಹಬ್ ಮೋಟಾರ್ ಜೋಡಿಸುವ ಕುರಿತು

ಮಲ್ಪೆಯಿಂದ ಮಣಿಪಾಲಕ್ಕೆ ಮೀನು ಸಾಗಿಸುವ ನಿಮ್ಮ ಹಳೆಯ ಪಿಕಪ್‌ನ ಮುಂದಿನ ಚಕ್ರಗಳಿಗೆ ಹಬ್ ಮೋಟಾರ್ (ಚಕ್ರದ ನಡುವೆಯೇ ಕೂರುವ ವಿದ್ಯುತ್ ಮೋಟಾರ್) ಕೂರಿಸಿ, ಇಳಿದು ಬರುವಾಗ ಎಂಜಿನ್ ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ಎಂಜಿನ್ ಹಿಂದಿನ ಚಕ್ರಗಳನ್ನು ಮಾತ್ರ ತಿರುಗಿಸುವುದರಿಂದ ಮುಂದಿನವು ಬಿಡುವಾಗಿರುವುದು ನಿಜ. ಆದರೆ ಎಂಜಿನ್ ನಿಲ್ಲಿಸುವ ಯೋಚನೆಯನ್ನು ಸದ್ಯಕ್ಕೆ ಬಿಡಿ. ಇಂತಹ ಗಾಡಿಗಳಲ್ಲಿ ಪೆಡಲ್ ತುಳಿಯುವ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರಿಗೆ ಬೇಕಾದ, ಗಾಳಿ ಹೀರುವ ವ್ಯಾಕ್ಯೂಮ್ ಪಂಪ್ (ಹೆಚ್ಚಾಗಿ ಅದು ಆಲ್ಟರ್ನೇಟರಿನ ಬೆನ್ನಿಗೇ ಕೂತಿರುತ್ತದೆ) ಎಂಜಿನ್ನಿನಿಂದಲೇ ನಡೆಯುವುದರಿಂದ, ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಪೆಡಲ್ ಕಲ್ಲಿನಂತಾಗುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಬ್ಯಾಟರಿಯಿಂದ ನಡೆಯುವ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಇಲ್ಲದೆ ಮುಂದುವರಿಯಬಾರದು.

ಮಣಿಪಾಲದ ಏರು ಹತ್ತಲು ಮೋಟಾರಿಗೆ ಬೇಕಾದ ವಿದ್ಯುತ್ತಿನ ಲೆಕ್ಕ ಅಷ್ಟು ದೊಡ್ಡದಲ್ಲ: ಹೊರೆ ಸೇರಿ 2.5 ಟನ್ ತೂಗುವ ಗಾಡಿಯನ್ನು 100 ಮೀಟರ್ ಎತ್ತಲು, ನಷ್ಟಗಳನ್ನು ಬಿಟ್ಟರೆ, ಸುಮಾರು 0.7 ಯೂನಿಟ್ ಸಾಕು. ನನಗೆ ಹೆಚ್ಚು ಚಿಂತೆ ಇರುವುದು ಮೀನಿನ ಕ್ರೇಟುಗಳಿಂದ ಸೋರುವ ಉಪ್ಪುನೀರಿನದ್ದು. ಅದು ಚಾಸಿಸ್ ಹಿಡಿದು ಇಳಿದು ಕನೆಕ್ಟರುಗಳ ತಾಮ್ರವನ್ನು ಹಸಿರುಗಟ್ಟಿಸುತ್ತದೆಯಾದ್ದರಿಂದ, ಮೋಟಾರಿನ ಬ್ಯಾಟರಿಯನ್ನು ಹಿಂಬದಿಯ ಸರಕಿನ ಜಾಗದ ಅಡಿಯಲ್ಲಿ ಇಡಲೇಬೇಡಿ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂತಹ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಅನುಮೋದಿತ ಕಿಟ್ ಬಳಸದೆ ನಾವೇ ಮಾಡಿಕೊಂಡ ಜೋಡಣೆಯನ್ನು ಆರ್‌ಟಿಒ ಒಪ್ಪುವುದು ಕಷ್ಟ, ಅಪಘಾತವಾದರೆ ವಿಮೆಯೂ ಕೈಕೊಡಬಹುದು. ಆದ್ದರಿಂದ ಮೋಟಾರ್ ಖರೀದಿಸುವ ಮೊದಲೇ ಉಡುಪಿಯ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ.