ಮನೆಗೆ ಕಳಿಸುವ ಕರೆ

ಬೆಟಗೇರಿಯಿಂದ ಒಬ್ಬ ಓದುಗರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರ ಉದ್ದವಿದೆ, ಮುಖ್ಯ ಭಾಗ ಇಷ್ಟು:

"ಕಾಲೇಜಿನಲ್ಲಿದ್ದಾಗ ಯುವಜನ ಶಿಬಿರದಲ್ಲಿ 'ಕರ್ತನ ಸೇವೆಗೆ ಜೀವನ ಕೊಡುವವರು ಎದ್ದು ನಿಲ್ಲಿ' ಎಂದರು. ನಾನು ನಿಂತೆ. ಉತ್ತರ ಭಾರತಕ್ಕೆ ಸೇವೆಗೆ ಹೋಗುವ ಆಸೆಯಿತ್ತು. ಅಷ್ಟರಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು. ಈಗ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಬರುವವರೆಲ್ಲ ಹಿಂದೂ, ಮುಸ್ಲಿಂ ಹೆಣ್ಣುಮಕ್ಕಳು. ಗಂಡನ ಕುಡಿತ, ಮಗಳ ಮದುವೆ, ಸಂಘದ ಸಾಲದ ಕಂತು, ಎಲ್ಲ ಹೇಳಿಕೊಳ್ಳುತ್ತಾರೆ. ನಾನು ಕೇಳುತ್ತೇನೆ. ಯೇಸುವಿನ ಮಾತು ಎತ್ತಲು ಧೈರ್ಯವಿಲ್ಲ. ಮತಾಂತರ ಮಾಡಲು ಬಂದಳು ಅಂದುಕೊಂಡರೆ? ಶಿಬಿರದ ಮುಖಂಡರು ತಿಂಗಳಿಗೊಮ್ಮೆ ಫಾರ್ಮ್ ಕಳಿಸುತ್ತಾರೆ. 'ಈ ತಿಂಗಳು ಎಷ್ಟು ಜನರಿಗೆ ಸುವಾರ್ತೆ ಹೇಳಿದಿರಿ?' ಪ್ರತಿ ಸಲ ಸೊನ್ನೆ ಬರೆಯುತ್ತೇನೆ. ನಾನು ಶಿಷ್ಯಳು ಹೌದೋ ಅಲ್ಲವೋ?"

ತಂಗಿ, ಮೊದಲು ಆ ಫಾರ್ಮ್ ಪಕ್ಕಕ್ಕಿಡಿ. ಮಾರ್ಕನ ಸುವಾರ್ತೆಯ ಐದನೇ ಅಧ್ಯಾಯ ತೆಗೆಯಿರಿ. ಗೆರಸೇನರ ಸೀಮೆಯಲ್ಲಿ ದೆವ್ವ ಹಿಡಿದು ಸಮಾಧಿಗಳಲ್ಲಿ ಅಲೆಯುತ್ತಿದ್ದ ಮನುಷ್ಯನ ಕತೆ ನಿಮಗೆ ಗೊತ್ತು. ಅವನು ವಾಸಿಯಾದ. ಎರಡು ಸಾವಿರ ಹಂದಿ ಕಳೆದುಕೊಂಡ ಊರಿನವರು ಯೇಸುವಿಗೆ, ದಯವಿಟ್ಟು ಇಲ್ಲಿಂದ ಹೊರಡಿ ಎಂದರು. ಯೇಸು ದೋಣಿ ಹತ್ತುವಾಗ ಈ ಮನುಷ್ಯ ಬೇಡಿಕೊಂಡ, ನಾನೂ ಬರುತ್ತೇನೆ ಎಂದ. ಶಿಬಿರದಲ್ಲಿ ಎದ್ದು ನಿಂತಿರಲ್ಲ, ಅದೇ ಆಸೆ. ಯೇಸು ಬೇಡ ಎಂದರು. ನಿನ್ನ ಮನೆಗೆ ಹೋಗು, ನಿನ್ನವರಿಗೆ ಹೇಳು ಎಂದರು. ಬೋಧಕನನ್ನು ಆ ಊರು ಹೊರಗೆ ಕಳಿಸಿತು. ಉಳಿದವನು ಈ ಒಬ್ಬನೇ, ಅದೂ ಹಳೆಯ ಹೆಸರು ಕೆಟ್ಟವನು. ಅವನು ದೆಕಪೊಲಿಯಲ್ಲೆಲ್ಲ, ಅಂದರೆ ಆ ಹತ್ತು ಊರುಗಳ ಸೀಮೆಯಲ್ಲೆಲ್ಲ, ಹೇಳುತ್ತಾ ಹೋದ. ಏಳನೇ ಅಧ್ಯಾಯಕ್ಕೆ ಬನ್ನಿ. ಯೇಸು ಮತ್ತೆ ಅದೇ ದೆಕಪೊಲಿಗೆ ಬಂದಾಗ ಜನ ಓಡಿಸಲಿಲ್ಲ, ಒಬ್ಬ ಕಿವುಡನನ್ನು ಕರೆತಂದು ಮುಟ್ಟಿ ಗುಣಪಡಿಸಿ ಎಂದರು. ನಡುವೆ ಏನಾಯಿತು ಎಂದು ಮಾರ್ಕ ಬರೆದಿಲ್ಲ. ಮನೆಗೆ ಹೋದವನ ಕೆಲಸವೇ ಅದು ಎಂದು ನಾನು ನಂಬುತ್ತೇನೆ.

ಹೊರಟು ಹೋದವರ ವಿಚಾರವನ್ನು ನಾನು ಅಲ್ಲಗಳೆಯುವುದಿಲ್ಲ. ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರಿಗೆ 'ಹೋಗಿ' ಎಂದೇ ಹೇಳಿದ್ದಾರೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಹೊರಟು ಮಂಗಳೂರಿಗೆ ಬರದಿದ್ದರೆ, 1841ರಲ್ಲಿ ನಿಮ್ಮ ಬೆಟಗೇರಿಗೆ ಬರದಿದ್ದರೆ, ನೀವು ಈ ಪತ್ರ ಬರೆಯುತ್ತಿರಲಿಲ್ಲ, ನಾನು ಓದುತ್ತಿರಲಿಲ್ಲ. ಹೋಗಬೇಕಾದವರು ಹೋಗಲಿ, ದೇವರು ಅವರನ್ನು ಕಾಯಲಿ.

ಆದರೆ ಬಂದವರು ಏನು ಮಾಡಿದರು ಅಂತ ಸ್ವಲ್ಪ ನೋಡಿ. ಮೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ' ಶುರು ಮಾಡಿದರು, ಕನ್ನಡದ ಮೊದಲ ಪತ್ರಿಕೆ. ಅದರಲ್ಲಿ ಊರಿನ ಸುದ್ದಿ, ಸರಕಾರದ ಕಾಯಿದೆ, ಪುರಂದರದಾಸರ ಪದ ಎಲ್ಲ ಇತ್ತು. ಹರಿದಾಸರ ಪದಗಳನ್ನು ಹುಡುಕಿ ಸಂಗ್ರಹಿಸಿ ಅಚ್ಚು ಹಾಕಿಸಿದ್ದೂ ಅವರೇ. ಕಿಟ್ಟೆಲ್ 1853ರಲ್ಲಿ ಬಂದವರು, ನಿಘಂಟು ಹೊರಬಂದದ್ದು 1894ರಲ್ಲಿ, ಸುಮಾರು 70,000 ಪದ. ಅವರಿಗೂ ಯಾರಾದರೂ ನಿಮ್ಮ ಫಾರ್ಮ್ ಕಳಿಸಿದ್ದರೆ ಏನು ಬರೆಯುತ್ತಿದ್ದರು? ಹೇಳುವ ಮೊದಲು ಕೇಳಿಸಿಕೊಂಡವರು ಅವರು. ನೀವು ಹೊಲಿಗೆ ಮಷಿನ್ ಮುಂದೆ ಕೂತು ಮಾಡುತ್ತಿರುವುದೂ ಅದೇ, ಆದರೂ ಸೊನ್ನೆ ಬರೆಯುತ್ತಿದ್ದೀರಿ!

ಇನ್ನೊಬ್ಬರ ಹೆಸರು ಹೇಳಬೇಕು, ಹೆರ್ಮನ್ ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಹುಡುಗ. 1844ರಲ್ಲಿ ದೀಕ್ಷಾಸ್ನಾನ ಪಡೆದರು. ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಮಿಷನರಿಯಾದರು, ಮಿಷನ್‌ನ ಮೊದಲ ಭಾರತೀಯ ಮಿಷನರಿ. ಯುರೋಪ್ ಕಂಡು ಬಂದ ಅವರು ವಾಪಸ್ ಬಂದದ್ದು ತನ್ನ ನೆಲಕ್ಕೇ. ಕೊಡಗಿನಲ್ಲಿ ಜೀತದಲ್ಲಿದ್ದ ದಲಿತ ಕುಟುಂಬಗಳು ಕ್ರೈಸ್ತ ಸಭೆಗೆ ಸೇರಿದಾಗ ಅವರಿಗೆ ನೆಲೆ ಇರಲಿಲ್ಲ. ಅವರಿಗಾಗಿ ಕೌಂಡಿನ್ಯ ಜಮೀನು ಕೊಂಡರು. ಆ ಜಾಗ ಆನಂದಪುರವಾಯಿತು. ಆ ಜನರಿಗೆ ಪ್ರಸಂಗಕ್ಕಿಂತ ಜಾಸ್ತಿ ಬೇಕಾಗಿದ್ದದ್ದು ನಿಲ್ಲಲು ಒಂದು ಜಾಗ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಬಂದದ್ದರ ಹಿಂದೆಯೂ ಇದೇ ಸಂಕಟವಿತ್ತು. ಜಾತಿ ಬಿಟ್ಟವರಿಗೆ ಊರು ಕೆಲಸ ಕೊಡುತ್ತಿರಲಿಲ್ಲ.

ಹೊರಗಿನ ಉದಾಹರಣೆ ಬೇಕಾದರೆ ಬಾನ್‌ಹಾಫರ್ ಅವರದ್ದು ತಗೊಳ್ಳಿ. ಶಿಷ್ಯತ್ವಕ್ಕೆ ಬೆಲೆ ತೆರಬೇಕು, ಕೃಪೆ ಅಗ್ಗದ ಸರಕಲ್ಲ ಎಂದು 1937ರಲ್ಲಿ ಬರೆದ ಜರ್ಮನ್ ಪಾಸ್ಟರ್. ನಮ್ಮ ಪ್ರಸಂಗಗಳಲ್ಲಿ ಈ ಮಾತು ಆಗಾಗ ಬರುತ್ತದೆ. ಅವರು 1939ರ ಜೂನ್‌ನಲ್ಲಿ ನ್ಯೂಯಾರ್ಕ್ ತಲುಪಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಕೆಲಸವಿತ್ತು, ಸುರಕ್ಷಿತವಾಗಿ ಇರಬಹುದಿತ್ತು. ಮನಸ್ಸು ನಿಲ್ಲಲಿಲ್ಲ. ತನ್ನ ಜನರ ಕಷ್ಟದಲ್ಲಿ ಪಾಲು ತಗೊಳ್ಳದವನಿಗೆ ಮುಂದೆ ಅವರ ಬದುಕು ಕಟ್ಟುವ ಹಕ್ಕೂ ಇಲ್ಲ ಎಂಬರ್ಥದಲ್ಲಿ ಪತ್ರ ಬರೆದು ಜುಲೈನಲ್ಲೇ ಮರಳಿ ಹಡಗು ಹತ್ತಿದರು. 1945ರ ಏಪ್ರಿಲ್ 9ರಂದು ಅವರನ್ನು ನಾಜಿಗಳು ಗಲ್ಲಿಗೇರಿಸಿದರು. ಅವರಿಗೆ ಬಂದ ಕರೆಯೂ ಮನೆಗೆ ಹೋಗು ಎಂದೇ ಇತ್ತು, ಅಲ್ವಾ?

ಮತಾಂತರದ ಅಂಜಿಕೆಯ ಬಗ್ಗೆ ಬರೆದಿದ್ದೀರಿ. ಕಾಲ ಹಾಗಿದೆ, ನಿಮ್ಮ ಅಂಜಿಕೆ ಸುಳ್ಳಲ್ಲ. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಆಚರಿಸಲೂ ಪ್ರಚಾರ ಮಾಡಲೂ ಹಕ್ಕು ಕೊಟ್ಟಿದೆ. 1977ರಲ್ಲಿ ಸುಪ್ರೀಂ ಕೋರ್ಟು, ನಿನ್ನ ನಂಬಿಕೆಯನ್ನು ವಿವರಿಸಬಹುದು, ಇನ್ನೊಬ್ಬನನ್ನು ಮತಾಂತರಿಸುವುದು ಹಕ್ಕಲ್ಲ ಎಂದಿತು. ನಮ್ಮವರಲ್ಲಿ ಅನೇಕರಿಗೆ ಈ ತೀರ್ಪು ಕಹಿ. ನನಗೆ ಅಷ್ಟು ಕಹಿಯಲ್ಲ. ಮನಸ್ಸು ತಿರುಗಿಸುವುದು ಪವಿತ್ರಾತ್ಮನ ಕೆಲಸ ಎಂದು ನಾವೇ ಬೋಧಿಸುತ್ತೇವೆ. ಹಾಗಿದ್ದ ಮೇಲೆ ಆ ಹಕ್ಕು ನಮಗೆ ಯಾಕೆ? ಒಬ್ಬನನ್ನು ಮತಕ್ಕೆ ಸೇರಿಸಲು ಸಮುದ್ರ, ಭೂಮಿ ಸುತ್ತುವವರ ಬಗ್ಗೆ ಯೇಸು ಏನು ಹೇಳಿದರು ಎಂದು ಮತ್ತಾಯನ 23ನೇ ಅಧ್ಯಾಯದಲ್ಲಿ ಓದಿ. ಫಾರ್ಮ್ ಕಳಿಸುವವರಿಗೂ ಓದಿಸಿ.

ಹೇಳಬೇಡಿ ಎನ್ನುತ್ತಿಲ್ಲ. ಇಲ್ಲಿ ನಿಮಗೂ ಒಂದು ಮಾತು ಗದರಿಸಿ ಹೇಳಬೇಕು. ಪೇತ್ರನ ಪತ್ರದಲ್ಲಿದೆ: ನಿಮ್ಮ ನಿರೀಕ್ಷೆಗೆ ಆಧಾರವೇನು ಎಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಸೌಮ್ಯವಾಗಿ ಕೊಡಿ. ಯಾರಾದರೂ ಕೇಳಿದಾಗ ಬಾಯಿ ಬಿಡದಿದ್ದರೆ ಅದು ವಿನಯವಲ್ಲ, ಪುಕ್ಕಲುತನ. 'ನಿಮ್ಮವ್ವನನ್ನು ಇಷ್ಟು ದಿನ ಬೇಸರಿಸದೆ ಹೇಗೆ ನೋಡಿಕೊಳ್ತೀಯ?' ಎಂದು ನಿಮ್ಮ ಗಿರಾಕಿಗಳಲ್ಲಿ ಒಬ್ಬರೂ ಕೇಳಿಲ್ಲವೇ? ಕೇಳಿರುತ್ತಾರೆ. ನೀವು 'ಏನೋ ನಡೀತದ' ಎಂದು ಜಾರಿಸಿರುತ್ತೀರಿ. ಮುಂದಿನ ಸಲ ಜಾರಿಸಬೇಡಿ. ರಾತ್ರಿ ಪ್ರಾರ್ಥನೆ ಮಾಡುತ್ತೇನೆ, ಅದರಿಂದ ಬೆಳಿಗ್ಗೆ ಏಳುತ್ತೇನೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಅಷ್ಟು ಸಾಕು.

ನಮ್ಮ ಧಾರವಾಡದ ಓಣಿಯಲ್ಲಿ ಒಬ್ಬ ಲಿಂಗಾಯತ ಮೇಷ್ಟ್ರಿದ್ದರು. ಕ್ರಿಸ್‌ಮಸ್‌ಗೆ ಕ್ಯಾರಲ್ಸ್ ಹಾಡುವವರು ಅವರ ಮನೆಗೂ ಹೋಗುತ್ತಿದ್ದರು. ಒಮ್ಮೆ ನನ್ನನ್ನು ನಿಲ್ಲಿಸಿ ಕೇಳಿದರು: "ವರ್ಷಕ್ಕೊಮ್ಮೆ ಬರ್ತೀರಿ, ಹಾಡ್ತೀರಿ, ಕೇಕ್ ಕೊಟ್ಟು ಹೋಗ್ತೀರಿ. ಉಳಿದ ದಿವಸ ಎಲ್ಲಿರ್ತೀರಿ?" ಅವರ ಮಡದಿ ತೀರಿಕೊಂಡಾಗ ನಮ್ಮ ಸಭೆಯಿಂದ ಒಬ್ಬ ಮುದುಕಿ ಮಾತ್ರ ಹೋಗಿ ಕೂತಿದ್ದಳು. ಮೇಷ್ಟ್ರು ಆಕೆಯನ್ನು ಕೊನೆವರೆಗೂ ನೆನೆಯುತ್ತಿದ್ದರು. ಆಕೆ ನಮ್ಮ ಕಮಿಟಿಯಲ್ಲೂ ಇರಲಿಲ್ಲ, ಯಾವ ವರದಿಯಲ್ಲೂ ಬರಲಿಲ್ಲ.

ವರದಿ ಎಂದ ಕೂಡಲೇ ನನ್ನ ಹೊಟ್ಟೆ ಉರಿಯುತ್ತದೆ. ಈ ಮೇಜಿಗೆ ಬರುವ ಉಜ್ಜೀವನ ಕೂಟಗಳ ವರದಿಗಳಲ್ಲಿ ಯೇಸುವನ್ನು ನಂಬುತ್ತೇವೆಂದು ತೀರ್ಮಾನ ತೆಗೆದುಕೊಂಡವರ ಲೆಕ್ಕ ಇಲ್ಲದೆ ಒಂದೂ ಬರುವುದಿಲ್ಲ. ಎಲ್ಲ ಕೂಡಿಸಿದರೆ ತಾಲ್ಲೂಕಿನ ಜನಸಂಖ್ಯೆ ದಾಟುತ್ತದೆ. ಆದರೆ ಭಾನುವಾರ ಹೋಗಿ ನೋಡಿದರೆ ಅದೇ ಹಳೆ ಬೆಂಚುಗಳು, ಅದೇ ಹಳೆ ಮುಖಗಳು. ಹಳ್ಳಿಹಳ್ಳಿ ನಡೆದ ಉಪದೇಶಿಗಳು, ಅಡುಗೆಮನೆ ಬಾಗಿಲಲ್ಲಿ ಕೂತು ಓದು ಕಲಿಸಿದ ಬೈಬಲ್ ಹೆಂಗಸರು, ಇವರಲ್ಲಿ ನಿಮಗೆ ಎಷ್ಟು ಹೆಸರು ಗೊತ್ತು? ಶತಮಾನೋತ್ಸವದ ಸ್ಮರಣಸಂಚಿಕೆಗಳಲ್ಲಿ ಬಿಷಪ್ಪರ ಫೋಟೋ, ಖಜಾಂಚಿ ಫೋಟೋ, ಜಾಹೀರಾತು ಕೊಟ್ಟವರ ಫೋಟೋ. ಇನ್ನು ಕನ್ನಡದ ಗತಿ ಕೇಳಬೇಡಿ. ದಾಸರ ಪದ ಹುಡುಕಿ ಅಚ್ಚು ಹಾಕಿದವರ ವಾರಸುದಾರರು ನಾವು. ಸುವಾರ್ತೆ ಸಾರಿ ಎಂದು ವೇದಿಕೆ ಮೇಲೆ ಕೂಗುವ ಹುಡುಗರ ಕೈಗೆ ಕನ್ನಡ ಬೈಬಲ್ ಕೊಟ್ಟರೆ ಅಕ್ಷರ ಕೂಡಿಸಿ ಓದುತ್ತಾರೆ. ಯಾರಿಗೆ ಸಾರುತ್ತಾರಂತೆ? ನಮ್ಮ ಪತ್ರಿಕೆಯ ಚಂದಾ ಯಾಕೆ ಇಳಿಯುತ್ತಿದೆ ಎಂದು ಕಮಿಟಿಯವರು ನನ್ನನ್ನೇ ಕೇಳುತ್ತಾರೆ!

ಇರಲಿ, ನಿಮ್ಮ ವಿಷಯಕ್ಕೆ ಬರುತ್ತೇನೆ. ಅಪೊಸ್ತಲರ ಕೃತ್ಯಗಳ ಒಂಬತ್ತನೇ ಅಧ್ಯಾಯದಲ್ಲಿ ಯೊಪ್ಪದ ತಬಿಥಾಳ ಕತೆ ಇದೆ. ಲೂಕ ಆಕೆಯನ್ನು ನೇರವಾಗಿ ಶಿಷ್ಯಳು ಎಂದೇ ಕರೆದಿದ್ದಾನೆ. ಆಕೆ ಪ್ರಸಂಗ ಮಾಡಿದಳು ಎಂದು ಎಲ್ಲೂ ಇಲ್ಲ. ಆಕೆ ಸತ್ತಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಬಟ್ಟೆ. ಹೊಲಿಗೆಯವರಾದ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕೇ?

ಪತ್ರದ ಕೊನೆಗೆ ಇನ್ನೊಂದು ಕೇಳಿದ್ದೀರಿ. ಒಬ್ಬ ಗಿರಾಕಿ ಗೋಡೆ ಮೇಲಿನ ವಾಕ್ಯ ನೋಡಿ, ಆ ಪುಸ್ತಕ ಓದಬಹುದಾ ಎಂದಳಂತೆ, ಕೊಡಲೋ ಬೇಡವೋ ಎಂದು ಸುಮ್ಮನಾದಿರಂತೆ. ಕೇಳಿದ ಮೇಲೆ ಕೊಡಿ, ತಂಗಿ. ಇಡೀ ಬೈಬಲ್ ಕೊಟ್ಟರೆ ಹೆದರುತ್ತಾಳೆ. ಮಾರ್ಕನ ಸುವಾರ್ತೆ ಬಿಡಿ ಪುಸ್ತಕವಾಗಿ ಸಿಗುತ್ತದೆ, ಬರೀ 16 ಅಧ್ಯಾಯ. ಓದಿ ವಾಪಸ್ ತಂದಾಗ ಹೇಗಿತ್ತು ಎಂದು ನೀವು ಕೇಳಬೇಡಿ. ಹೇಳಬೇಕೆನಿಸಿದರೆ ಅವಳೇ ಹೇಳುತ್ತಾಳೆ. ಅವಳ ಬ್ಲೌಸಿನ ಹೊಲಿಗೆ ಕೂಲಿ ಮಾತ್ರ ಬಿಡಬೇಡಿ, ಪೂರ್ತಿ ತಗೊಳ್ಳಿ. ಇಲ್ಲದಿದ್ದರೆ ಪುಸ್ತಕ ಓದಿದ್ದಕ್ಕೆ ಬಿಟ್ಟಳು ಅಂತಾರೆ.