ಕಾಡಿನ ಅಣಬೆಯನ್ನು ಬುಡಸಮೇತ ಕೀಳಬೇಕು ಅಂತಾರಲ್ಲ, ಯಾಕೆ?

ಗುರುತು ಹಿಡಿಯುವುದಕ್ಕೆ. ವಿಷದ ಸುಳಿವು ಕೆಲವು ಸಲ ಮಣ್ಣಿನೊಳಗೇ ಇರುತ್ತದೆ.

ಡೆತ್ ಕ್ಯಾಪ್ ಎಂಬ ಮಾರಕ ಅಣಬೆ ಎಳೆಯದಾಗಿದ್ದಾಗ ಬಿಳಿ ಪೊರೆಯೊಳಗೆ ಮೊಟ್ಟೆಯಂತೆ ಕಾಣುತ್ತದೆ. ಬೆಳೆದಂತೆ ಪೊರೆ ಹರಿದು, ಅದರ ಕೆಳಭಾಗ ಬುಡದ ಸುತ್ತ ಸಡಿಲ ಚೀಲವಾಗಿ ಉಳಿಯುತ್ತದೆ. ಮಕ್ಕಳು ಖುಷಿಯಲ್ಲಿ ಚಟಕ್ಕನೆ ಮುರಿದು ತಂದರೆ ಆ ಚೀಲ ನೆಲದಲ್ಲೇ ಹೋಯಿತು, ಅಲ್ವಾ? ಅದಕ್ಕೇ ಚಾಕುವಿನ ತುದಿಯಿಂದ ಸುತ್ತಲ ಮಣ್ಣು ಕೆದಕಿ, ಮೆಲ್ಲಗೆ ಎತ್ತಬೇಕು.

ಹಾಗಂತ ಚೀಲ ಇಲ್ಲದ್ದನ್ನೆಲ್ಲ ಸುಮ್ನೆ ತಿನ್ನಬೇಡಿ. ಅಂಥ ವಿಷದ ಅಣಬೆಗಳೂ ಇವೆ. ಬಲ್ಲವರಿಗೆ ತೋರಿಸಿ. ಡೆತ್ ಕ್ಯಾಪ್ ವಿಷವಂತೂ ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ ಶುರುವಾಗುವುದೇ ಸಾಮಾನ್ಯವಾಗಿ 6ರಿಂದ 12 ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ವಿಷ ಲಿವರ್ ತಲುಪಿರುತ್ತದೆ.