ಟಾಪ್ ಇಳಿಸಿದ ಥಾರ್‌ನಲ್ಲಿ ಸೀಟ್ ಬೆಲ್ಟ್ ಪಟಪಟ ಬಡಿಯುತ್ತೆ, ಇಳಿಜಾರಿನಲ್ಲಿ ಲಾಕ್ ಆಗುತ್ತೆ, ವಾಪಸ್ ಸುತ್ತಿಕೊಳ್ಳಲ್ಲ. ಕಾಡುದಾರಿಯಲ್ಲಿ ಬೆಲ್ಟ್ ಬಿಟ್ಟು, ಅಲಾರಾಂ ಕೂಗದಂತೆ ಬಕಲ್‌ಗೆ ಕ್ಲಿಪ್ ಹಾಕಬಹುದಾ?

ಬೆಲ್ಟ್ ಬಿಡಬೇಡಿ, ಕ್ಲಿಪ್ಪೂ ಬೇಡ. ನೀವು ಹೇಳಿರುವ ಮೂರು ಕಾಟಗಳಲ್ಲಿ ಲಾಕ್ ಆಗುವುದು ದೋಷವೇ ಅಲ್ಲ. ಉಳಿದ ಎರಡನ್ನು ಬಹುತೇಕ ಸಲ ಮನೆಯಲ್ಲೇ ಸರಿಮಾಡಿಕೊಳ್ಳಬಹುದು.

ಮೊದಲು ಲಾಕ್ ವಿಷಯ. ಪಟ್ಟಿ ಸುತ್ತಿಕೊಳ್ಳುವ ರಿಟ್ರ್ಯಾಕ್ಟರ್ ಒಳಗೆ ಸಾಮಾನ್ಯವಾಗಿ ಒಂದು ಪುಟ್ಟ ಗುಂಡು ಇರುತ್ತದೆ. ಗಾಡಿ ವಾಲಿದರೆ ಅಥವಾ ಗಕ್ಕನೆ ನಿಂತರೆ ಆ ಗುಂಡು ಉರುಳಿ ಒಂದು ಕೊಕ್ಕೆಯನ್ನು ಎತ್ತುತ್ತದೆ, ಕೊಕ್ಕೆ ಹಲ್ಲಿನ ಚಕ್ರಕ್ಕೆ ಸಿಕ್ಕಿ ಪಟ್ಟಿ ನಿಲ್ಲುತ್ತದೆ. ಪಟ್ಟಿಯನ್ನೇ ಜೋರಾಗಿ ಎಳೆದರೆ ಲಾಕ್ ಆಗುವ ಏರ್ಪಾಡು ಬೇರೆ ಇದೆ. ಸೀಟ್ ಬೆಲ್ಟ್‌ಗೆ ಇರುವ ವಿಶ್ವಸಂಸ್ಥೆಯ ಆರ್16 ನಿಯಮದ ಪ್ರಕಾರ 12 ಡಿಗ್ರಿವರೆಗೆ ವಾಲಿದರೆ ಲಾಕ್ ಆಗಬಾರದು, 27 ಡಿಗ್ರಿ ದಾಟಿದರೆ ಆಗಲೇಬೇಕು. ನಡುವಿನ ಕೋನದಲ್ಲಿ ಲಾಕ್ ಆಗಲೂಬಹುದು. ಮಲೆನಾಡಿನ ತೋಟದ ದಾರಿಯಲ್ಲಿ ಗಾಡಿ 12 ಡಿಗ್ರಿಗಿಂತ ಹೆಚ್ಚು ವಾಲುವುದುಂಟು. ಹಾಗಾಗಿ ಅಲ್ಲಿ ಬೆಲ್ಟ್ ಹಿಡಿದುಕೊಂಡರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ.

ಕಿರಿಕಿರಿ ಹುಟ್ಟುವುದು ಇನ್ನೊಂದು ಕಡೆ. ಗಾಡಿ ರಸ್ತೆಗುಂಡಿಗೆ ಬಿದ್ದಾಗ ಮೈ ಹಿಂದಕ್ಕೆ ಹೋಗುತ್ತದೆ, ಆ ಸಡಿಲವನ್ನು ಸ್ಪ್ರಿಂಗ್ ಎಳೆದುಕೊಳ್ಳುತ್ತದೆ, ಅಷ್ಟರಲ್ಲಿ ಲಾಕ್ ಬೀಳುತ್ತದೆ. ಹತ್ತು ಗುಂಡಿ ದಾಟುವಷ್ಟರಲ್ಲಿ ಎದೆ ಬಿಗಿದಿರುತ್ತದೆ. ಇದಕ್ಕೆ ಕೂರುವ ರೀತಿಯೇ ಮದ್ದು. ಸಮತಟ್ಟು ಜಾಗದಲ್ಲೇ ಬೆಲ್ಟ್ ಹಾಕಿ, ಇಳಿಜಾರಿನಲ್ಲಿ ನಿಲ್ಲಿಸಿ ಹಾಕಲು ಹೋದರೆ ಪಟ್ಟಿ ಹೊರಗೇ ಬರುವುದಿಲ್ಲ. ಸೊಂಟವನ್ನು ಸೀಟಿನ ಬೆನ್ನಿಗೆ ಪೂರ್ತಿ ಒತ್ತಿ ಕೂತು, ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬಿಗಿಯಾಗಿ ಕೂರುವಂತೆ ಎಳೆಯಿರಿ. ಮೊದಲೇ ಹೀಗೆ ಕೂತವರಿಗೆ ಆಮೇಲೆ ಬಿಗಿಯಲು ಸಡಿಲವೇ ಉಳಿದಿರುವುದಿಲ್ಲ. ಆದರೂ ಬಿಗಿದರೆ ಜಗ್ಗಬೇಡಿ, ಜಗ್ಗಿದಷ್ಟೂ ಲಾಕ್ ಗಟ್ಟಿಯಾಗುತ್ತದೆ. ಬೆನ್ನನ್ನು ಹಿಂದಕ್ಕೆ ಒತ್ತಿ, ಪಟ್ಟಿ ಒಂದೆರಡು ಸೆಂಟಿಮೀಟರ್ ಒಳಗೆ ಹೋಗಲು ಬಿಟ್ಟು, ನಿಧಾನವಾಗಿ ಎಳೆಯಿರಿ. ಗಾಡಿ ಇನ್ನೂ ವಾಲಿಯೇ ಇದ್ದರೆ ಬಿಡುವುದಿಲ್ಲ, ಸಮತಟ್ಟಿಗೆ ಬರುವವರೆಗೆ ತಾಳಿಕೊಳ್ಳಿ. ಮುಂಚಕ್ರ ಎಲ್ಲಿದೆ ಎಂದು ನೋಡಲು ತಲೆ ಹೊರಗೆ ಚಾಚುವ ಅಭ್ಯಾಸ ಇದ್ದರೆ ಬಿಡಿ. ಜೊತೆಯವರನ್ನು ಕೆಳಗಿಳಿಸಿ ದಾರಿ ತೋರಿಸಲು ಹೇಳಿ.

ಸಮತಟ್ಟು ರಸ್ತೆಯಲ್ಲೂ ಪದೇ ಪದೇ ಲಾಕ್ ಆಗುತ್ತಿದ್ದರೆ ಮಾತು ಬೇರೆ. ಸ್ಪೀಕರ್ ಹಾಕಿಸುವಾಗಲೋ ಒಳಗಿನ ಪ್ಲಾಸ್ಟಿಕ್ ಬಿಚ್ಚಿದಾಗಲೋ ರಿಟ್ರ್ಯಾಕ್ಟರನ್ನು ಓರೆಯಾಗಿ ಕೂರಿಸಿದ್ದರೆ ಗುಂಡು ಸದಾ ಅಂಚಿನಲ್ಲೇ ಇರುತ್ತದೆ. ಅದನ್ನು ಮೂಲ ಕೋನಕ್ಕೆ ತಂದು ಕೂರಿಸುವುದು ಸರ್ವಿಸ್ ಸೆಂಟರ್ ಕೆಲಸ. ಅಪಘಾತದಲ್ಲಿ ಪಟ್ಟಿಯನ್ನು ತಟ್ಟನೆ ಬಿಗಿಯುವ ಪ್ರಿಟೆನ್ಷನರ್ ಇರುವ ಬೆಲ್ಟ್‌ನಲ್ಲಿ ಸಿಡಿಯುವ ಮದ್ದು ಇರುತ್ತದೆ, ಸ್ಕ್ರೂಡ್ರೈವರ್ ಹಿಡಿದು ಅದರ ಹತ್ತಿರ ಹೋಗಬೇಡಿ.

ಇನ್ನು ವಾಪಸ್ ಸುತ್ತಿಕೊಳ್ಳದ ಬೆಲ್ಟ್. ಎಲ್ಲರೂ ಸ್ಪ್ರಿಂಗ್ ಹೋಯಿತು ಅಂದುಕೊಳ್ಳುತ್ತಾರೆ. ಬಹುತೇಕ ಸಲ ತಪ್ಪು ಭುಜದ ಮೇಲೆ ಪಟ್ಟಿ ತೂರಿ ಬರುವ ಲೂಪ್‌ನದು. ಬೆವರು, ಸನ್‌ಸ್ಕ್ರೀನ್, ಕೆಮ್ಮಣ್ಣಿನ ಧೂಳು ಸೇರಿ ಅಲ್ಲಿ ಅಂಟಿನ ಪದರ ಕಟ್ಟುತ್ತದೆ, ಟಾಪ್ ತೆರೆದ ಗಾಡಿಯಲ್ಲಿ ಇನ್ನೂ ಬೇಗ. ಪರೀಕ್ಷೆ ಸುಲಭ: ಪಟ್ಟಿಯನ್ನು ಹೊರಗೆಳೆದು, ಲೂಪ್‌ನಿಂದ ರಿಟ್ರ್ಯಾಕ್ಟರ್ ಕಡೆಗೆ ಇಳಿಯುವ ಭಾಗವನ್ನು ಹಿಡಿದು ಸಡಿಲ ಬಿಡಿ. ಅದು ಚುರುಕಾಗಿ ಒಳಗೆ ಹೋದರೆ ಸ್ಪ್ರಿಂಗ್ ಚೆನ್ನಾಗಿದೆ, ಲೂಪ್ ಕೊಳೆಯಾಗಿದೆ. ಹೋಗದಿದ್ದರೆ ಇಡೀ ಬೆಲ್ಟ್ ಸೆಟ್ ಬದಲಿಸಬೇಕು. ರಿಟ್ರ್ಯಾಕ್ಟರ್ ಬಿಚ್ಚಿ ಸ್ಪ್ರಿಂಗ್ ಬಿಗಿ ಮಾಡಿಕೊಡುತ್ತೇವೆ ಎನ್ನುವವರಿಗೆ ಗಾಡಿ ಕೊಡಬೇಡಿ.

ತೊಳೆಯುವ ಕ್ರಮ ಹೀಗೆ. ಪಟ್ಟಿಯನ್ನು ಪೂರ್ತಿ ಎಳೆದು, ವಾಪಸ್ ಹೋಗದಂತೆ ಲೂಪ್ ಹತ್ತಿರ ಒಂದು ಬಟ್ಟೆ ಕ್ಲಿಪ್ ಹಾಕಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಮೆತ್ತನೆಯ ಬ್ರಷ್ಷಿನಿಂದ ಪಟ್ಟಿಯ ಉದ್ದಕ್ಕೆ ಉಜ್ಜಿ, ಸಾದಾ ನೀರಿನ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ. ನೀರು ಸುರಿಯಬೇಡಿ, ಅದು ಇಳಿದು ರಿಟ್ರ್ಯಾಕ್ಟರ್ ಸೇರುತ್ತದೆ. ಲೂಪ್‌ನ ಒಳಭಾಗಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯ ಚೂರನ್ನು ತೂರಿಸಿ ಆಚೀಚೆ ಎಳೆಯಿರಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಚೂರು ಬದಲಿಸುತ್ತಾ ಇರಿ. ಕ್ಲಿಪ್ ಹಾಗೇ ಇರಲಿ, ಒಂದು ರಾತ್ರಿ ನೆರಳಿನಲ್ಲಿ ಒಣಗಲಿ. ಮಳೆಗಾಲದಲ್ಲಿ ಒದ್ದೆ ಪಟ್ಟಿಯನ್ನು ಹಾಗೇ ಸುತ್ತಲು ಬಿಟ್ಟರೆ ಬೂಸ್ಟು ಹಿಡಿಯುವುದು ಖಂಡಿತ. ಬ್ಲೀಚ್, ಪೆಟ್ರೋಲ್, ಬಣ್ಣ ಇವು ನೂಲಿನ ಬಲ ತಿನ್ನುತ್ತವೆ. ಎಣ್ಣೆ ಸ್ಪ್ರೇ ಹೊಡೆದರೆ ಎರಡು ದಿನ ಸಲೀಸು, ಆಮೇಲೆ ಧೂಳು ಮೆತ್ತಿ ಮೊದಲಿಗಿಂತ ಕಡೆ. ಬಕಲ್‌ಗೂ ಎಣ್ಣೆ ಬೇಡ. ಮಣ್ಣು ಸೇರಿ ಕ್ಲಿಕ್ ಸದ್ದು ಬರದಿದ್ದರೆ ಗಾಳಿ ಊದಿ ತೆಗೆಯಿರಿ.

ಪಟಪಟ ಬಡಿಯುವುದು ಖಾಲಿ ಸೀಟಿನ ಬೆಲ್ಟ್‌ಗಳು. ಚಪ್ಪಟೆ ಪಟ್ಟಿ ಗಾಳಿಗೆ ಅದುರುತ್ತದೆ, ಬಕಲ್‌ಗೆ ಸಿಕ್ಕಿಸುವ ಲೋಹದ ನಾಲಿಗೆ ತಲೆಯ ಮೇಲಿನ ಉಕ್ಕಿನ ಚೌಕಟ್ಟಾದ ರೋಲ್ ಕೇಜ್‌ಗೆ ಬಡಿಯುತ್ತದೆ. ಖಾಲಿ ಸೀಟಿನ ಬೆಲ್ಟನ್ನು ಬಕಲ್‌ಗೆ ಹಾಕಿ, ಲೂಪ್ ಮತ್ತು ಬಕಲ್ ನಡುವೆ ಅರ್ಧ ಸುತ್ತು ತಿರುಚಿ ಬಿಟ್ಟರೆ ಅದುರಾಟ ತಗ್ಗುತ್ತದೆ. ಜನ ಕೂತಾಗ ಮಾತ್ರ ತಿರುಚು ಬಿಡಿಸಲೇಬೇಕು. ತಿರುಚಿದ ಪಟ್ಟಿ ಎಳೆತದ ಹೊತ್ತಿಗೆ ಹಗ್ಗದಂತೆ ಮೈ ಕೊರೆಯುತ್ತದೆ. ಬಕಲ್‌ಗೆ ಹಾಕಲಾಗದ ಕಡೆ ಕೇಜ್‌ಗೆ ಒಂದು ವೆಲ್ಕ್ರೋ ಪಟ್ಟಿ ಸುತ್ತಿ ನಾಲಿಗೆಯನ್ನು ಅದರಲ್ಲಿ ಸಿಕ್ಕಿಸಿ. ನಾಲಿಗೆ ನೆಲದವರೆಗೆ ಜಾರುತ್ತಿದ್ದರೆ ಪಟ್ಟಿಯ ಮೇಲಿನ ಪ್ಲಾಸ್ಟಿಕ್ ಗುಂಡಿ ಕಳಚಿಹೋಗಿದೆ, ಹೊಸದು ಹಾಕಿಸಿ. ಪಟ್ಟಿ ಕುತ್ತಿಗೆಗೆ ಉಜ್ಜಿದರೆ ಭುಜದ ಜಾಗಕ್ಕೆ ತೆಳು ಹತ್ತಿ ಕವಚ ಸಾಕು. ಪಟ್ಟಿಯನ್ನು ಸಡಿಲವಾಗಿ ಹಿಡಿದಿಡುವ ಕ್ಲಿಪ್ ಬೇಡ.

ಅಲಾರಾಂ ನಿಲ್ಲಿಸುವ ಕ್ಲಿಪ್‌ಗಳ ಆನ್‌ಲೈನ್ ಮಾರಾಟಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲೇ ತಡೆ ಹಾಕಿದೆ. ಬೆಲ್ಟ್ ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಲ್ಲಿ 1,000 ರೂಪಾಯಿ ದಂಡ. ಆದರೆ ನನಗೆ ಹೆದರಿಕೆ ದಂಡದ್ದಲ್ಲ. ಕಾಡುದಾರಿಯಲ್ಲಿ ಗಾಡಿ ಮಗುಚುವುದು ನಡಿಗೆಯ ವೇಗದಲ್ಲೂ ಆಗುತ್ತದೆ. ಮೇಲೆ ತಗಡು ಇಲ್ಲ, ಬೆಲ್ಟ್ ಇಲ್ಲದ ಮೈ ಹೊರಗೆ ಬೀಳುತ್ತದೆ, ಅದರ ಮೇಲೆ ಗಾಡಿ ಬೀಳುತ್ತದೆ. ಒಳಗೇ ಉಳಿದರೂ ತಲೆ ಬಡಿಯುವುದು ಕೇಜ್‌ನ ಉಕ್ಕಿಗೆ.

ಎರಡೂ ಭುಜದ ಮೇಲೆ ಪಟ್ಟಿ ಬರುವ ರೇಸಿಂಗ್ ಹಾರ್ನೆಸ್ ಹಾಕಿಸುವ ಯೋಚನೆ ಬಂದರೆ ಒಂದು ಮಾತು: ಭುಜದ ಪಟ್ಟಿಗಳನ್ನು ಸೀಟಿನ ಹಿಂದೆ ನೆಲಕ್ಕೆ ಬಿಗಿದರೆ ಅಪಘಾತದಲ್ಲಿ ಬೆನ್ನುಮೂಳೆಯನ್ನು ಕೆಳಕ್ಕೆ ಹಿಂಡುತ್ತವೆ. ರಸ್ತೆಯ ಮೇಲೂ ಓಡುವ ಗಾಡಿಗೆ ಕಂಪನಿಯ ಬೆಲ್ಟೇ ಇರಲಿ. ಬಿಸಿಲಿಗೆ ಪಟ್ಟಿ ಬಿಳಿಚಿ ಗಡುಸಾಗಿದ್ದರೆ, ಅಂಚಿನಲ್ಲಿ ಎಳೆ ಎದ್ದಿದ್ದರೆ, ಅಥವಾ ಒಮ್ಮೆ ಜೋರು ಅಪಘಾತದ ಎಳೆತ ತಿಂದಿದ್ದರೆ ತೊಳೆಯುತ್ತಾ ಕೂರದೆ ಹೊಸ ಸೆಟ್ ಹಾಕಿಸಿ.